ಮೇಲಿಂದ ಕೆಳಕ್ಕೆ ಬನ್ನಿ: ಸೆಪ್ಟೆಂಬರಲ್ಲಿ ಉತ್ತರ ನಾರ್ವೆಯ ಕರಾವಳಿ

(ಟ್ರಾವೆಲ್ ಗುಂಪೊಂದರ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಫೋಟೋಗಳು ಬಿಟ್ಟುಹೋದ್ವು, "ಈ ಮೂಲೇಲಿ ನೋಡಿ" ಅನ್ನೋ ಮಾತುಗಳನ್ನೆಲ್ಲ ತೆಗೆದಿದ್ದೀನಿ. ಕೂತಿದ್ದೋರು ಮಧ್ಯೆ ಕೇಳಿದ ಪ್ರಶ್ನೆಗಳನ್ನ ಮಾತ್ರ ಹಾಗೇ ಇಟ್ಟಿದ್ದೀನಿ.)

ಎಲ್ಲರಿಗೂ ನಮಸ್ಕಾರ. ನಾರ್ವೆ ಟ್ರಿಪ್ ಅಂದ ತಕ್ಷಣ ನಮ್ಮೋರು ಏನ್ ಮಾಡ್ತಾರೆ ಅಂದ್ರೆ ಓಸ್ಲೋಗೆ ಟಿಕೆಟ್ ಹಾಕ್ತಾರೆ, ಅಲ್ಲಿಂದ ಬರ್ಗನ್, ಅಲ್ಲಿಂದ ಒಂದೊಂದೇ ಊರು ಮೇಲಕ್ಕೆ ಹತ್ತುತ್ತಾ ಹೋಗಿ, ಕೊನೇಲಿ ನಾರ್ತ್ ಕೇಪ್ ಅಂತ ಮ್ಯಾಪಿನ ತುದೀಲಿ ಇರೋ ಬಂಡೆ ಮೇಲೆ ನಿಂತು ಫೋಟೋ ತಗೊಂಡು ವಾಪಸ್. ಜೂನ್ ಜುಲೈನಲ್ಲಿ ಇದು ಸರಿ, ತೊಂದರೆ ಏನಿಲ್ಲ. ಆದ್ರೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಹೋಗೋರಿಗೆ ನಾನು ಹೇಳೋದು ಪೂರ್ತಿ ಉಲ್ಟಾ. ಮೊದಲು ವಿಮಾನ ಹತ್ತಿ ತುತ್ತತುದಿಗೆ ಹೋಗ್ಬಿಡಿ, ಆಮೇಲೆ ನಿಧಾನಕ್ಕೆ ಇಳ್ಕೊಂಡು ಬನ್ನಿ. ಇವತ್ತಿನ ಮಾತೆಲ್ಲ ಇದೊಂದನ್ನೇ ಹಿಡ್ಕೊಂಡು ಹೋಗುತ್ತೆ, ಯಾಕೆ ಅಂತ ಹೇಳ್ತೀನಿ.

ಮೊದಲನೇ ಕಾರಣ ಬೆಳಕು. ಬೆಂಗಳೂರಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರೋ ವ್ಯತ್ಯಾಸ ಹೆಚ್ಚೂಕಡಿಮೆ ಒಂದೂವರೆ ಗಂಟೆ, ಅದೂ ಆರು ತಿಂಗಳಲ್ಲಿ ಹಂಚಿ ಹೋಗುತ್ತೆ, ಹಾಗಾಗಿ ನಮಗೆ ಹಗಲು ಅನ್ನೋದು ಪ್ಲಾನ್ ಮಾಡೋ ವಸ್ತು ಅಂತ ಅನ್ಸೋದೇ ಇಲ್ಲ. ಟ್ರೊಮ್ಸೊ ಊರು ಇದ್ಯಲ್ಲ, ಆರ್ಕ್‌ಟಿಕ್ ವೃತ್ತದಿಂದ ಸಾಕಷ್ಟು ಮೇಲೆ, 69 ಡಿಗ್ರಿ ದಾಟಿ ಇದೆ, ಅಲ್ಲಿ ಮೇ 20ರ ಸುಮಾರಿಂದ ಜುಲೈ 22ರ ಸುಮಾರಿನ ತನಕ ಸೂರ್ಯ ಮುಳುಗಲ್ಲ, ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ಹುಟ್ಟಲ್ಲ. ಅಂದ್ರೆ 24 ಗಂಟೆಯಿಂದ ಸೊನ್ನೆಗೆ ಇಳಿಯೋ ಕೆಲಸ ನಾಲ್ಕು ತಿಂಗಳಲ್ಲಿ ಮುಗೀಬೇಕು. ಸೆಪ್ಟೆಂಬರ್ 1ಕ್ಕೆ ಅಲ್ಲಿ 15 ಗಂಟೆ ಮೇಲೆ ಹಗಲು, ಅಕ್ಟೋಬರ್ ಕೊನೆಗೆ ಆರೂವರೆ ಗಂಟೆ, ದಿನಕ್ಕೆ ಎಂಟು ನಿಮಿಷದ ಮೇಲೆ ಕಳ್ಕೊಳ್ತಾ ಹೋಗುತ್ತೆ, ವಾರಕ್ಕೆ ಒಂದು ಗಂಟೆ ಅಂತ ಲೆಕ್ಕ ಇಟ್ಕೊಳ್ಳಿ. ಸಾಲದ್ದಕ್ಕೆ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಆವಾಗ ಮಧ್ಯಾಹ್ನ ಮೂರಕ್ಕೆಲ್ಲ ಸಂಜೆ.

ಈಗ ಜನ ಮರೆಯೋ ವಿಷಯ ಇದು. ಸೆಪ್ಟೆಂಬರ್ 22-23ಕ್ಕೆ ಭೂಮಿ ಮೇಲೆ ಎಲ್ಲೇ ನಿಂತರೂ ಹಗಲು ರಾತ್ರಿ ಹತ್ತತ್ರ ಸಮ. ಅದಕ್ಕೂ ಮುಂಚೆ ನೀವು ಉತ್ತರಕ್ಕೆ ಹೋದಷ್ಟೂ ಹಗಲು ಜಾಸ್ತಿ, ಅದಾದ ಮೇಲೆ ಉತ್ತರಕ್ಕೆ ಹೋದಷ್ಟೂ ಹಗಲು ಕಮ್ಮಿ. ಹಾಗಾಗಿ ಸೆಪ್ಟೆಂಬರ್ ಮೊದಲೆರಡು ವಾರ ತುದೀಲಿ ಇದ್ದು, ಆ ದಿನ ದಾಟ್ತಿದ್ದ ಹಾಗೆ ದಕ್ಷಿಣಕ್ಕೆ ಇಳಿಯೋಕೆ ಶುರು ಮಾಡಿದ್ರೆ ಎರಡೂ ಕಡೆ ನಿಮಗೇ ಲಾಭ. ಉಲ್ಟಾ ಹೋದವರು ಪ್ರತಿ ದಿನ ಎರಡು ರೀತೀಲಿ ಬೆಳಕು ಕಳ್ಕೊಳ್ತಾರೆ, ದಿನ ಕಳೆದದ್ದಕ್ಕೆ ಒಂದಿಷ್ಟು, ಮೇಲೆ ಹತ್ತಿದ್ದಕ್ಕೆ ಇನ್ನೊಂದಿಷ್ಟು. ಅಕ್ಟೋಬರ್ ಕೊನೇಲಿ ನಾರ್ತ್ ಕೇಪಲ್ಲಿ ಆರೇ ಗಂಟೆ ಹಗಲು ಇರೋವಾಗ ಕೆಳಗೆ ಹೆಲ್ಗೆಲಾಂಡ್ ಕರಾವಳೀಲಿ ಏಳೂವರೆ ಗಂಟೆ ದಾಟಿರುತ್ತೆ. ಒಂದೂವರೆ ಗಂಟೆ ಅಂದ್ರೆ ಆ ಕಡೆ ಒಂದು ಫೆರಿ, ಒಂದು ಬೆಟ್ಟ, ಒಂದು ಊಟ.

ಎರಡನೇ ಕಾರಣ ಬಣ್ಣ. ಅಲ್ಲಿ ಎತ್ತರದ ಮರ ಜಾಸ್ತಿ ಇಲ್ಲ, ಇರೋದು ಬರ್ಚ್, ಅದೂ ಗಾಳಿಗೆ ಸೊಟ್ಟಗೆ ಬೆಳೆದಿರೋ ಕುಳ್ಳ ಮರಗಳು, ಎಲೆ ಹಳದಿಯಾಗಿ ನಿಲ್ಲುತ್ತೆ. ನಿಜವಾದ ಕೆಂಪು ಇರೋದು ಕಾಲ ಕೆಳಗೆ, ನೆಲಕ್ಕೆ ಅಂಟಿಕೊಂಡ ಬ್ಲೂಬೆರಿ ಗಿಡ, ಮೊಣಕಾಲೆತ್ತರದ ಪುಟಾಣಿ ಬರ್ಚ್ ಪೊದೆ, ಇವು ಗುಡ್ಡಕ್ಕೆ ಗುಡ್ಡಾನೇ ಕುಂಕುಮ ಎರಚಿದ ಹಾಗೆ ಮಾಡ್ಬಿಡ್ತವೆ. ಈ ಬಣ್ಣ ತುತ್ತತುದಿಯ ಪ್ರಾಂತ್ಯವಾದ ಫಿನ್‌ಮಾರ್ಕಿನ ಒಳನಾಡಲ್ಲಿ ಸೆಪ್ಟೆಂಬರ್ ಶುರುವಲ್ಲೇ ಏರುತ್ತೆ, ಟ್ರೊಮ್ಸೊ ಕಡೆಗೆ ತಿಂಗಳ ಮಧ್ಯಕ್ಕೆ, ಲೊಫೊಟೆನ್ ದ್ವೀಪಗಳಿಗೆ ಕೊನೇ ವಾರಕ್ಕೆ, ಇನ್ನೂ ಕೆಳಗೆ ಅಕ್ಟೋಬರ್ ಮೊದಲ ದಿನಗಳಿಗೆ ಬರುತ್ತೆ. ಒಂದು ಜೋರು ಗಾಳಿ ಬೀಸಿದ್ರೆ ಒಂದೇ ರಾತ್ರೀಲಿ ಎಲೆ ಖಾಲಿ. ಅಂದ್ರೆ ಬಣ್ಣವೂ ಉತ್ತರದಿಂದ ದಕ್ಷಿಣಕ್ಕೇ ಪ್ರಯಾಣ ಮಾಡ್ತಿದೆ, ನೀವು ಅದರ ಜೊತೆ ಇಳೀತೀರಾ ಅಥವಾ ಎದುರಿಗೆ ಹೋಗಿ ಒಂದು ವಾರ ಮಾತ್ರ ನೋಡ್ತೀರಾ, ನಿಮ್ಮಿಷ್ಟ.

ಒಬ್ರು ಎದ್ದು ನಿಂತು ಕೇಳಿದ್ರು, ನಾರ್ದರ್ನ್ ಲೈಟ್ಸ್ ನೋಡೋಕೆ ಚಳಿಗಾಲದಲ್ಲೇ ಹೋಗಬೇಕಲ್ವಾ, ಸೆಪ್ಟೆಂಬರಲ್ಲಿ ಏನ್ ಕಾಣುತ್ತೆ ಅಂತ. ಕಾಣುತ್ತೆ. ಆ ಬೆಳಕು ನೆಲದಿಂದ ನೂರು ಕಿಲೋಮೀಟರಿಗೂ ಮೇಲೆ, ಸೂರ್ಯನಿಂದ ಬಂದ ಕಣಗಳು ಗಾಳಿಯ ಆಕ್ಸಿಜನ್ನಿಗೆ, ನೈಟ್ರೋಜನ್ನಿಗೆ ಡಿಕ್ಕಿ ಹೊಡೆದು ಆಗೋದು, ಅದಕ್ಕೂ ಕೆಳಗಿನ ಚಳಿಗೂ ಏನೇನೂ ಸಂಬಂಧ ಇಲ್ಲ. ಬೇಕಾಗಿರೋದು ಕತ್ತಲೆ ಮತ್ತೆ ಮೋಡ ಇಲ್ಲದ ಆಕಾಶ, ಎರಡೇ. ಸೆಪ್ಟೆಂಬರಿನ ಹೊತ್ತಿಗೆ ರಾತ್ರಿ ಹತ್ತರ ಮೇಲೆ ಸಾಕಷ್ಟು ಕತ್ತಲಾಗುತ್ತೆ, ಅಲ್ಲದೆ ಹಗಲು ರಾತ್ರಿ ಸಮ ಆಗೋ ಮಾರ್ಚ್ ಮತ್ತೆ ಸೆಪ್ಟೆಂಬರಿನ ಆಸುಪಾಸಲ್ಲಿ ಭೂಮಿಯ ಕಾಂತಕ್ಷೇತ್ರಕ್ಕೂ ಸೂರ್ಯನ ಗಾಳಿಗೂ ಕೊಂಡಿ ಸುಲಭವಾಗಿ ಬೀಳುತ್ತೆ, ಹಾಗಾಗಿ ವರ್ಷದಲ್ಲಿ ಈ ಎರಡು ಕಾಲದಲ್ಲೇ ಅದರ ಆಟ ಸರಾಸರಿ ಜಾಸ್ತಿ. ಇನ್ನೊಂದು, ಆವಾಗ ಕೆರೆಗಳು ಹೆಪ್ಪುಗಟ್ಟಿರಲ್ಲ, ನೀರಲ್ಲಿ ಪ್ರತಿಬಿಂಬ ಸಿಗುತ್ತೆ, ಹೊರಗೆ ನಿಲ್ಲೋಕೆ ಮೈನಸ್ ಇಪ್ಪತ್ತು ತಡ್ಕೊಳ್ಳೋ ಜಾಕೆಟ್ಟೂ ಬೇಕಾಗಿಲ್ಲ. ಮೋಡದ ಗ್ಯಾರಂಟಿ ಮಾತ್ರ ಯಾರೂ ಕೊಡಲ್ಲ, ಕರಾವಳೀಲಿ ಮೋಡ ಅಂದ್ರೆ ನೂರು ಕಿಲೋಮೀಟರ್ ಒಳನಾಡಿಗೆ ಓಡಿ ನೋಡ್ಬೇಕು, ಅಲ್ಲಿಯ ಟೂರ್ ಗೈಡ್‌ಗಳೂ ಅದನ್ನೇ ಮಾಡೋದು.

ಸರಿ, ಈಗ ಜಾಗಕ್ಕೆ ಬರೋಣ. ಫ್ಯೋರ್ಡ್ ಹೇಗಾಯ್ತು ಅಂತ ಗೊತ್ತಿದ್ರೆ ರಸ್ತೆ ಯಾಕೆ ಹಂಗಿದೆ ಅಂತಾನೂ ಗೊತ್ತಾಗುತ್ತೆ. ಹಿಮಯುಗದಲ್ಲಿ ಹಿಮನದಿ ಕಣಿವೆಯನ್ನ ಸಮುದ್ರಮಟ್ಟಕ್ಕಿಂತಲೂ ಕೆಳಗೆ ಕೆತ್ತಿ ಹಾಕ್ತು, ಹಿಮ ಕರಗಿದ ಮೇಲೆ ಸಮುದ್ರ ಒಳಗೆ ನುಗ್ತು. ಎಷ್ಟೋ ಫ್ಯೋರ್ಡ್‌ಗಳು ಬಾಯಿ ಹತ್ರ ಆಳ ಕಮ್ಮಿ, ಒಳಗೆ ಹೋದಷ್ಟೂ ಆಳ, ದಕ್ಷಿಣದ ಸೊಗ್ನೆಫ್ಯೋರ್ಡ್ ಅಂತೂ 1,300 ಮೀಟರ್ ಮೇಲೆ ಆಳ ಇದೆ, 200 ಕಿಲೋಮೀಟರಿಗೂ ಉದ್ದ. ಇದಕ್ಕೆ ಕಂಬ ನೆಟ್ಟು ಸೇತುವೆ ಕಟ್ಟೋಕೆ ಆಗಲ್ಲ. ಎದುರುಗಡೆ ದಡದಲ್ಲಿ ಮನೆಯ ಕಿಟಕಿ ಕಾಣ್ತಿರುತ್ತೆ, ರಸ್ತೇಲಿ ಹೋದ್ರೆ ಫ್ಯೋರ್ಡಿನ ಮೂಲೆ ತನಕ ಹೋಗಿ ಸುತ್ತಿ ಬರಬೇಕು, ಇಲ್ಲಾ ಫೆರಿಗೆ ಕಾಯಬೇಕು. ಅದಕ್ಕೇ ಹೇಳೋದು, ಮ್ಯಾಪಲ್ಲಿ ಬೆರಳಿಟ್ಟು ಅಳೀಬೇಡಿ, ಆಪ್ ತೋರಿಸೋ ಟೈಮನ್ನೂ ಪೂರ್ತಿ ನಂಬಬೇಡಿ, ಸ್ಪೀಡ್ ಲಿಮಿಟ್ ಹೆಚ್ಚಿನ ಕಡೆ 80, ತಿರುವು, ಟನಲ್, ರಸ್ತೆ ಮೇಲೆ ರೇನ್‌ಡಿಯರ್ ಎಲ್ಲ ಸೇರಿ 60ರ ಸರಾಸರಿ ಬಂದ್ರೆ ಪುಣ್ಯ. ಮೊದಲು ಫೆರಿಯ ಟೈಮ್‌ಟೇಬಲ್ ಮುಂದೆ ಇಟ್ಕೊಳ್ಳಿ, ಅದರ ಸುತ್ತ ದಿನ ಕಟ್ಟಿ. ಎಂಟೂರ್ ಅನ್ನೋ ಆಪಲ್ಲಿ ದೇಶದ ಬಸ್ಸು, ದೋಣಿ, ರೈಲು ಎಲ್ಲದರ ಸಮಯ ಒಂದೇ ಕಡೆ ಸಿಗುತ್ತೆ.

ಶುರು ಎಲ್ಲಿಂದ? ನನ್ನ ಆಯ್ಕೆ ಕಿರ್ಕೆನೆಸ್, ರಷ್ಯಾ ಗಡಿಯ ಪಕ್ಕದ ಊರು, ಓಸ್ಲೋ ಇಂದ ವಿಮಾನ ಇದೆ. (ಗಡಿ ಹತ್ರ ಕಲ್ಲೆಸೆಯೋದು, ಒಂದು ಕಾಲು ಆಚೆ ಇಟ್ಟು ಫೋಟೋ ತೆಗೆಸ್ಕೊಳ್ಳೋದು ಇಂಥ ತಮಾಷೆ ಬೇಡ, ನಿಜವಾಗ್ಲೂ ದಂಡ ಹಾಕ್ತಾರೆ.) ಅಲ್ಲಿಂದ ವಾರಂಗರ್ ಅನ್ನೋ ಪರ್ಯಾಯದ್ವೀಪದ ಅಂಚು ಹಿಡಿದು ಹೋಗೋ ರಸ್ತೆ, ನಾರ್ವೆ ಸರ್ಕಾರ ಗುರುತಿಸಿರೋ 18 ಟೂರಿಸ್ಟ್ ರಸ್ತೆಗಳಲ್ಲಿ ಒಂದು. ನನಗೆ ಕೇಳಿದ್ರೆ ಆ 18ರಲ್ಲಿ ಅತ್ಯಂತ ವಿಚಿತ್ರವಾದದ್ದು ಇದೇ. ಇಲ್ಲಿ ಪೋಸ್ಟ್‌ಕಾರ್ಡ್ ಫ್ಯೋರ್ಡ್ ಇಲ್ಲ, ಮರವೂ ಇಲ್ಲ, ಬರೀ ಬೋಳು ಬಂಡೆ, ಹುಲ್ಲು, ಎದುರಿಗೆ ಬ್ಯಾರೆಂಟ್ಸ್ ಸಮುದ್ರ. ವಾಡ್ಸೊ ಊರಿನ ಪಕ್ಕದ ದ್ವೀಪದಲ್ಲಿ ಒಂದು ಕಬ್ಬಿಣದ ಕಂಬ ನಿಂತಿದೆ, 1926ರಲ್ಲಿ ಧ್ರುವಯಾತ್ರಿ ಅಮುಂಡ್‌ಸೆನ್, ಗಾಳಿನೌಕೆಯ ಎಂಜಿನಿಯರ್ ನೋಬಿಲೆ ಇವರಿದ್ದ 'ನಾರ್ಗೆ' ಗಾಳಿನೌಕೆಯನ್ನ ಉತ್ತರ ಧ್ರುವದ ಕಡೆ ಹೋಗೋ ದಾರೀಲಿ ಕಟ್ಟಿದ್ದ ಕಂಬ ಅದು. ಟಿಕೆಟ್ ಕೌಂಟರ್ ಗಲಾಟೆ ಏನಿಲ್ಲ, ನಡ್ಕೊಂಡ್ ಹೋಗಿ ಮುಟ್ಟಿ ಬರಬಹುದು.

ಅಲ್ಲಿಂದ ಮುಂದೆ ವಾರ್ಡೊ. ದೇಶದ ಅತಿ ಪೂರ್ವದ ಪಟ್ಟಣ, ಇಸ್ತಾಂಬುಲ್‌ಗಿಂತಲೂ ಪೂರ್ವಕ್ಕಿದೆ ಅಂದ್ರೆ ನಂಬ್ತೀರಾ, ಆದ್ರೆ ಗಡಿಯಾರ ಮಾತ್ರ ಓಸ್ಲೋದ್ದೇ. ಹಾಗಾಗಿ ಸೆಪ್ಟೆಂಬರ್ 22ರ ಸುಮಾರಿಗೆ ಪಶ್ಚಿಮಕ್ಕಿರೋ ಬೋಡೊ ಊರಲ್ಲಿ ಸಂಜೆ ಏಳಕ್ಕೆ ಮುಳುಗೋ ಸೂರ್ಯ ಇಲ್ಲಿ ಆರಕ್ಕೆ ಮುಂಚೇನೇ ಮುಳುಗಿರ್ತಾನೆ, ವಾರ್ಡೊದಲ್ಲಿ ಬೇಗ ಎದ್ದವರಿಗೇ ದಿನ. ಊರು ದ್ವೀಪದ ಮೇಲಿದೆ, ಸಮುದ್ರದ ಕೆಳಗಿನ ಟನಲಲ್ಲಿ ಹೋಗ್ಬೇಕು, 1982ರದ್ದು, ನಾರ್ವೆಯ ಮೊಟ್ಟಮೊದಲ ಸಮುದ್ರದಡಿಯ ರಸ್ತೆ ಟನಲ್ ಇದೇ. ಅಲ್ಲಿ ಸ್ಟೈಲ್‌ನೆಸೆಟ್ ಅಂತ ಒಂದು ಸ್ಮಾರಕ. 1600ರ ದಶಕಗಳಲ್ಲಿ ಮಾಟಗಾತಿಯರು ಅಂತ ಆರೋಪ ಹೊರಿಸಿ ಈ ಪ್ರಾಂತ್ಯದಲ್ಲಿ ಕೊಂದ 91 ಜನರ ನೆನಪಿಗೆ ಕಟ್ಟಿದ್ದು, ವಾಸ್ತುಶಿಲ್ಪಿ ಪೀಟರ್ ಜುಮ್ಟೋರ್, ಕಲಾವಿದೆ ಲೂಯಿಸ್ ಬೂರ್ಜ್ವಾ, 2011ರಲ್ಲಿ ತೆರೀತು. ಉದ್ದನೆಯ ಬಟ್ಟೆಯ ಕೊಳವೆಯ ಥರ ಇರೋ ಓಣಿ, ಒಬ್ಬೊಬ್ಬರಿಗೂ ಒಂದೊಂದು ಕಿಟಕಿ, ಒಂದೊಂದು ದೀಪ, ಪಕ್ಕದಲ್ಲಿ ಅವರ ಮೇಲೆ ಏನು ಆರೋಪ ಇತ್ತು, ಏನು ತೀರ್ಪು ಬಂತು ಅಂತ ಬರಹ. ಸತ್ತವರಲ್ಲಿ ಗಂಡಸರೂ ಇದ್ದಾರೆ, ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನಾಂಗದವರೂ ಇದ್ದಾರೆ. ಅರ್ಧ ಗಂಟೆ ಸಾಕು ಅಂದ್ಕೊಂಡು ಹೋಗ್ಬೇಡಿ.

ವಾರ್ಡೊ ದಾಟಿ ರಸ್ತೆ ಹಾಮ್ನಿಂಗ್‌ಬರ್ಗ್ ಅನ್ನೋ ಹಳ್ಳೀಲಿ ಮುಗಿಯುತ್ತೆ. ಇಲ್ಲಿಗೆ ಬಂದಾಗ ಒಂದು ವಿಷಯ ತಟ್ಟುತ್ತೆ, ಇಷ್ಟು ದೂರ ಬಂದ್ರೂ ನೀವು ಹಳೇ ಮನೆ ನೋಡಿರೋದು ತೀರಾ ಕಮ್ಮಿ. 1944ರ ಅಕ್ಟೋಬರ್, ನವೆಂಬರಲ್ಲಿ, ಅಂದ್ರೆ ಇದೇ ಶರತ್ಕಾಲದಲ್ಲಿ, ಸೋವಿಯತ್ ಸೈನ್ಯ ಅಕ್ಟೋಬರ್ 25ಕ್ಕೆ ಕಿರ್ಕೆನೆಸ್ ಬಿಡಿಸಿಕೊಂಡ ಮೇಲೆ, ಹಿಂದೆ ಸರೀತಿದ್ದ ಜರ್ಮನ್ ಸೈನ್ಯ ಫಿನ್‌ಮಾರ್ಕನ್ನ ಊರೂರೇ ಸುಟ್ಟು ಜನರನ್ನ ಬಲವಂತವಾಗಿ ಸಾಗಿಸ್ತು, ಒಪ್ಪದ ಎಷ್ಟೋ ಜನ ಗುಹೆಗಳಲ್ಲಿ, ಮಣ್ಣಿನ ಗುಡಿಸಲುಗಳಲ್ಲಿ ಆ ಚಳಿಗಾಲ ಕಳೆದ್ರು. ಹಾಮ್ನಿಂಗ್‌ಬರ್ಗ್ ಸುಡದೇ ಉಳಿದ ಕೆಲವೇ ಹಳ್ಳಿಗಳಲ್ಲಿ ಒಂದು, ಹಳೇ ಮರದ ಮನೆಗಳು ಹಾಗೇ ಇವೆ, ಈಗ ವರ್ಷಪೂರ್ತಿ ಯಾರೂ ವಾಸ ಇಲ್ಲ, ಬೇಸಿಗೆಗೆ ಬಂದು ಹೋಗೋರು ಅಷ್ಟೇ. ಚಳಿಗಾಲದಲ್ಲಿ ಈ ರಸ್ತೆ ಮುಚ್ಚಿಹೋಗುತ್ತೆ. ನೋಡಿ, ತುದಿಯಿಂದ ಶುರು ಮಾಡಿ ಅನ್ನೋಕೆ ಇದು ಮೂರನೇ ಕಾರಣ, ಮೊದಲು ಬಾಗಿಲು ಹಾಕ್ಕೊಳ್ಳೋದು ತುದಿಯ ರಸ್ತೆಗಳೇ. ಹಾಮರ್‌ಫೆಸ್ಟ್ ಊರಲ್ಲಿ ಆ ಸುಡುವಿಕೆ ಮತ್ತೆ ಮರುಕಟ್ಟುವಿಕೆಯದ್ದೇ ಒಂದು ಮ್ಯೂಸಿಯಂ ಇದೆ, ದಾರೀಲಿ ಸಿಕ್ಕಿದ್ರೆ ಬಿಡಬೇಡಿ.

ನಾರ್ತ್ ಕೇಪ್ ಬಗ್ಗೆ ಜಾಸ್ತಿ ಹೇಳಲ್ಲ. ಒಂದು ದ್ವೀಪದ ತುದೀಲಿ 307 ಮೀಟರ್ ಎತ್ತರದ ಬಂಡೆ, ಮೇಲೆ ಗ್ಲೋಬ್, ಗಾಳಿ. ಪಕ್ಕದ ಕ್ನಿವ್‌ಶೆಲೊಡನ್ ಅನ್ನೋ ಚಾಚು ಅದಕ್ಕಿಂತ ಇನ್ನೂ ಸ್ವಲ್ಪ ಉತ್ತರಕ್ಕಿದೆ, ಅಲ್ಲಿಗೆ ನಡ್ಕೊಂಡೇ ಹೋಗ್ಬೇಕು, ಹಾಗಾಗಿ ಬಸ್ಸಿನ ಟೂರಿಸ್ಟ್ ಬರಲ್ಲ. ನನಗೆ ಆ ದ್ವೀಪದಲ್ಲಿ ಬಂಡೆಗಿಂತ ಇಷ್ಟ ಆಗೋದು ರೇನ್‌ಡಿಯರ್. ಸಾಮಿ ದನಗಾಹಿಗಳು ಬೇಸಿಗೆಗೆ ಮಂದೆಯನ್ನ ಕರಾವಳಿಯ ಹುಲ್ಲಿಗೆ ತರ್ತಾರೆ, ಶರತ್ಕಾಲದಲ್ಲಿ ಒಳನಾಡಿನ ಕಾರಸ್ಯೋಕ್, ಕೌಟೊಕೈನೊ ಕಡೆಗೆ ವಾಪಸ್ ಹೊಡ್ಕೊಂಡ್ ಹೋಗ್ತಾರೆ. ಈ ದ್ವೀಪದ ರೇನ್‌ಡಿಯರ್‌ಗಳು ವಾಪಸ್ ಹೋಗೋವಾಗ ಜಲಸಂಧಿಯನ್ನ ಈಜಿ ದಾಟ್ತವೆ, ಮನುಷ್ಯರಿಗೆ ಮಾತ್ರ ಸಮುದ್ರದ 212 ಮೀಟರ್ ಕೆಳಗೆ ಟನಲ್. ಈ ತಿಂಗಳುಗಳಲ್ಲಿ ಮಂದೆ ರಸ್ತೆ ಮೇಲೇ ಇರುತ್ತೆ, ಹಾರ್ನ್ ಹೊಡೆದ್ರೆ ಸರಿಯಲ್ಲ, ನಿಂತು ಕಾಯಿರಿ. ಅಕಸ್ಮಾತ್ ಡಿಕ್ಕಿ ಆದ್ರೆ ಪೊಲೀಸಿಗೆ 02800ಕ್ಕೆ ಫೋನ್ ಮಾಡಿ ಹೇಳಲೇಬೇಕು, ಅದು ಯಾರದ್ದೋ ಜೀವನದ ಆಧಾರ.

ಆಲ್ಟಾದಲ್ಲಿ ಸಾವಿರಾರು ವರ್ಷ ಹಳೇ ಬಂಡೆಗೆತ್ತನೆಗಳಿವೆ, ಮೂಸ್ ಅನ್ನೋ ದೊಡ್ಡ ಜಿಂಕೆ, ರೇನ್‌ಡಿಯರ್, ಕರಡಿ, ದೋಣಿ, 1985ರಿಂದ ಯುನೆಸ್ಕೋ ಪಟ್ಟೀಲಿದೆ. ಹಿಮ ಬಿದ್ದ ಮೇಲೆ ಎಲ್ಲ ಮುಚ್ಚಿಹೋಗುತ್ತೆ, ಸೆಪ್ಟೆಂಬರಲ್ಲಿ ಓರೆ ಬಿಸಿಲಿಗೆ ಗೆರೆಗಳು ಎದ್ದು ಕಾಣ್ತವೆ. ಆಲ್ಟಾ ಪಕ್ಕದ ಹಾಲ್ಡೆ ಬೆಟ್ಟದ ಮೇಲೆ 1899ರಲ್ಲಿ ಕಟ್ಟಿದ ವೀಕ್ಷಣಾಲಯ ಇದೆ, ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಅನ್ನೋ ವಿಜ್ಞಾನಿ ನಾರ್ದರ್ನ್ ಲೈಟ್ಸಿಗೂ ಸೂರ್ಯನಿಗೂ ಇರೋ ಸಂಬಂಧವನ್ನ ಅಭ್ಯಾಸ ಮಾಡಿದ ಜಾಗ. ದಿನ ಪೂರ್ತಿ ಚಾರಣ, ನಮ್ಮ ಪಶ್ಚಿಮಘಟ್ಟ ಹತ್ತೋರಿಗೆ ಕಷ್ಟ ಏನಲ್ಲ, ಗಾಳಿ ಒಂದು ನೋಡ್ಕೊಳ್ಳಿ.

ಆಲ್ಟಾದಿಂದ ಟ್ರೊಮ್ಸೊಗೆ ಬರೋವಾಗ ದೊಡ್ಡ ರಸ್ತೆ ಬಿಟ್ಟು ಲಿಂಗನ್ ಪರ್ಯಾಯದ್ವೀಪ ದಾಟೋ ಎರಡು ಫೆರಿಗಳನ್ನ ಹಿಡೀರಿ, ಅತ್ತ ಇತ್ತ ಎರಡೂ ಕಡೆ ಹಿಮಹೊತ್ತ ಬೆಟ್ಟ, 1,800 ಮೀಟರ್ ಮೇಲಿನ ಶಿಖರಗಳು ಸೀದಾ ನೀರಿಂದಾನೇ ಎದ್ದ ಹಾಗೆ. ಟ್ರೊಮ್ಸೊದಲ್ಲಿ ಬಟ್ಟೆ ಒಗೀರಿ, ಸಾಮಾನು ತುಂಬ್ಕೊಳ್ಳಿ, ಹೊರಡಿ. ಊರು ಚೆನ್ನಾಗಿದೆ, ಆದ್ರೆ ನಾವು ಇಷ್ಟು ದೂರ ಬಂದಿರೋದು ಕೆಫೆಗಲ್ಲ.

ಸೆನ್ಯಾ ದ್ವೀಪಕ್ಕೆ ಮಾತ್ರ ಮನಸ್ಸಿಟ್ಟು ಎರಡು ಮೂರು ರಾತ್ರಿ ಕೊಡಿ. ಇದರ ಒಳಬದಿ ಕಾಡು, ಕೆರೆ, ಹೊರಬದಿ ಗರಗಸದ ಹಾಗೆ ಎದ್ದ ಬೆಟ್ಟ, ಅದರ ಮಧ್ಯೆ ಫ್ಯೋರ್ಡ್, ಫ್ಯೋರ್ಡಿನ ಬಾಯಲ್ಲಿ ಒಂದೊಂದು ಮೀನುಗಾರರ ಹಳ್ಳಿ. ಹೂಸೊಯ್ ಅನ್ನೋ ಪುಟ್ಟ ದ್ವೀಪದ ಹಳ್ಳಿ ನೋಡಿ, ಒಂದು ಏರಿ ಕಟ್ಟಿ ಅದನ್ನ ದಡಕ್ಕೆ ಸೇರಿಸಿದ್ದಾರೆ, ಸುತ್ತ ಬೆಟ್ಟದ ಗೋಡೆ. ಲೊಫೊಟೆನ್‌ನಷ್ಟು ಜನ ಇಲ್ಲ. ಪ್ಲಾನಿನ ತಲೆನೋವು ಶುರುವಾಗೋದೂ ಇಲ್ಲೇ. ಸೆನ್ಯಾದ ಗ್ರಿಲ್ಲೆಫ್ಯೋರ್ಡಿಂದ ಆಂಡೆನೆಸ್‌ಗೆ ಒಂದು ಫೆರಿ ಇದೆ, ಎರಡು ಗಂಟೆಯೊಳಗೆ ನಿಮ್ಮನ್ನ ವೆಸ್ಟೆರೋಲೆನ್ ದ್ವೀಪಗಳಿಗೆ ಇಳಿಸುತ್ತೆ, ಅಲ್ಲಿಂದ ಲೊಫೊಟೆನ್ ಸಲೀಸು. ಆದ್ರೆ ಅದು ವರ್ಷಪೂರ್ತಿ ಓಡೋ ಫೆರಿ ಅಲ್ಲ, ಬೇಸಿಗೆ ಸೀಸನ್ನಿಂದು, ಅದು ನಿಂತ ಮೇಲೆ ನಾರ್ವಿಕ್ ಹತ್ತಿರದ ತನಕ ಒಳನಾಡಲ್ಲಿ ಇಳಿದು ಸುತ್ತಿ ಬರಬೇಕು, ಒಂದು ಪೂರ್ತಿ ಹಗಲು ಕಾರಲ್ಲೇ ಹೋಯ್ತು ಅಂತ ತಿಳ್ಕೊಳ್ಳಿ. ಆ ವರ್ಷ ಅದು ಯಾವ ತಾರೀಖಿನ ತನಕ ಓಡುತ್ತೆ ಅನ್ನೋದನ್ನ ವಿಮಾನದ ಟಿಕೆಟ್ ಹಾಕೋಕೂ ಮುಂಚೆ ನೋಡಿ. ಕಾರು ಇಲ್ಲದೇ ಹೋಗೋರಿಗೆ ಒಂದು ಅನುಕೂಲ ಇದೆ, ಟ್ರೊಮ್ಸೊ, ಫಿನ್‌ಸ್ನೆಸ್, ಹಾರ್‌ಸ್ಟಾಡ್ ಮಧ್ಯೆ ಜನರನ್ನ ಮಾತ್ರ ಒಯ್ಯೋ ಸ್ಪೀಡ್ ಬೋಟ್ ಓಡುತ್ತೆ.

ಲೊಫೊಟೆನ್ ನಿಮಗೆಲ್ಲ ಫೋಟೋದಲ್ಲಿ ಗೊತ್ತು, ಕೆಂಪು ಮನೆ, ಹಿಂದೆ ಚೂಪು ಬೆಟ್ಟ. ಜುಲೈನಲ್ಲಿ ರೈನೆ ಊರಲ್ಲಿ ಕಾರು ನಿಲ್ಸೋಕೆ ಜಾಗ ಸಿಗಲ್ಲ, ಸೆಪ್ಟೆಂಬರ್ ಕೊನೆಗೆ ಸಿಗುತ್ತೆ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ರೊರ್ಬು ಮನೆಗಳ ಬಾಡಿಗೇನೂ ಇಳಿದಿರುತ್ತೆ. ಆ ಮನೆಗಳು ಮೂಲದಲ್ಲಿ ಚಳಿಗಾಲದ ಕಾಡ್ ಮೀನಿನ ಸುಗ್ಗಿಗೆ ಬರ್ತಿದ್ದ ಮೀನುಗಾರರಿಗೆ, 1120ರ ಸುಮಾರಿಗೇ ಓಯ್‌ಸ್ಟೈನ್ ರಾಜ ಇಲ್ಲಿ ಅಂಥ ಮನೆ ಕಟ್ಟಿಸಿದ ಅಂತ ಇದೆ. ಒಂದು ವಿಷಯಕ್ಕೆ ಮಾತ್ರ ರೆಡಿ ಇರಿ, ಮೀನು ಒಣಗಿಸೋ ಆ ಮರದ ಚೌಕಟ್ಟುಗಳು ಶರತ್ಕಾಲದಲ್ಲಿ ಖಾಲಿ. ಕಾಡ್ ಬರೋದು ಜನವರಿಯಿಂದ ಏಪ್ರಿಲ್, ತೂಗು ಹಾಕೋದು ಫೆಬ್ರವರಿ ನಂತರ, ಜೂನ್ ಹೊತ್ತಿಗೆ ಇಳಿಸಿ ಗೋದಾಮಿಗೆ, ಅಲ್ಲಿಂದ ಇಟಲಿಗೆ, ತಲೆಗಳು ನೈಜೀರಿಯಾಗೆ. ಮೀನಿನ ವಾಸನೆ ಆಗದವರಿಗೆ ಇದೇ ಒಳ್ಳೇ ಕಾಲ ಅಂತ ನಗಾಡ್ತಾರೆ ಅಲ್ಲಿ. ಅಂದ ಹಾಗೆ ಈ ಮೀನುಗಾರಿಕೆಯ ಒಂದು ಎಳೆ ನಮ್ಮ ಕರಾವಳಿಗೂ ಬಂದಿದೆ, 1952ರಲ್ಲಿ ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಮೀನುಗಾರಿಕೆ ಯೋಜನೆ ಆಮೇಲೆ 60ರ ದಶಕದಲ್ಲಿ ನಮ್ಮ ಕಾರವಾರಕ್ಕೂ ವಿಸ್ತರಿಸಿತ್ತು, ಯಾಂತ್ರೀಕೃತ ದೋಣಿ, ಐಸ್, ಟ್ರಾಲಿಂಗ್ ಇವೆಲ್ಲ ಬೇರೂರೋದ್ರಲ್ಲಿ ಅದರ ಪಾತ್ರ ದೊಡ್ಡದು.

ರೈನೆ ಮೇಲಿನ ರೈನೆಬ್ರಿಂಗೆನ್ ಬೆಟ್ಟಕ್ಕೆ ಈಗ ಕಲ್ಲಿನ ಮೆಟ್ಟಿಲಿದೆ, 448 ಮೀಟರ್, ಕಟ್ಟಿದ್ದು ನೇಪಾಳದಿಂದ ಬಂದ ಶೆರ್ಪಾಗಳು. ನಾರ್ವೆಯ ಎಷ್ಟೋ ಬೆಟ್ಟದ ದಾರಿಗಳನ್ನ ಅವರೇ ಕಟ್ಟಿದ್ದಾರೆ, ನಮ್ಮ ಚಾಮುಂಡಿಬೆಟ್ಟ ಹತ್ತಿದ ಕಾಲಿಗೆ ಆ ಮೆಟ್ಟಿಲು ಅಪರಿಚಿತ ಅನ್ಸಲ್ಲ, ಆದ್ರೆ ಮಳೆ ಬಂದ ಮಾರನೇ ಬೆಳಗ್ಗೆ ಮೇಲೆ ಪಾಚಿ, ಅಕ್ಟೋಬರಲ್ಲಿ ತೆಳ್ಳನೆ ಐಸ್, ಇಳಿಯೋವಾಗ ಜಾರುತ್ತೆ. ಅಲ್ಲಿಯ ಬೆಟ್ಟದ ನಿಯಮಗಳಲ್ಲಿ ಒಂದು, ಹೊತ್ತಿರೋವಾಗಲೇ ತಿರುಗಿ ಬನ್ನಿ, ಅದರಲ್ಲಿ ನಾಚಿಕೆ ಏನಿಲ್ಲ ಅಂತ. ಸಂಜೆ ಬೇಗ ಆಗೋ ಕಾಲದಲ್ಲಿ ಅದನ್ನ ಅಕ್ಷರಶಃ ಪಾಲಿಸಿ, ಹೆಡ್‌ಲ್ಯಾಂಪ್ ಬ್ಯಾಗಲ್ಲಿರಲಿ. ಇನ್ನೊಂದು, ಸೆಪ್ಟೆಂಬರ್ 25ರಿಂದ ಮೂಸ್ ಬೇಟೆಯ ಸೀಸನ್, ಕಾಡಿನ ದಾರೀಲಿ ಎದ್ದು ಕಾಣೋ ಬಣ್ಣದ ಜಾಕೆಟ್ ಹಾಕಿ.

ಮೊಸ್ಕೆನೆಸಿಂದ ಬೋಡೊಗೆ ಫೆರಿ ಮೂರು ಗಂಟೆ ಮೇಲೆ, ತೆರೆದ ಸಮುದ್ರ, ಹೊಟ್ಟೆ ತೊಳಸೋರು ಮೊದಲೇ ಮಾತ್ರೆ ತಗೊಳ್ಳಿ. ಬೋಡೊ ಪಕ್ಕದ ಸಾಲ್ಟ್‌ಸ್ಟ್ರೌಮೆನ್ ನೋಡದೇ ಬರಬೇಡಿ. 3 ಕಿಲೋಮೀಟರ್ ಉದ್ದ, 150 ಮೀಟರ್ ಅಗಲದ ಕಂಡಿ, ಆರು ಗಂಟೆಗೊಮ್ಮೆ ಉಬ್ಬರ ಇಳಿತಕ್ಕೆ ಸುಮಾರು 40 ಕೋಟಿ ಘನಮೀಟರ್ ನೀರು ಅದರೊಳಗೆ ನುಗ್ಗುತ್ತೆ, ನೀರು ಸುತ್ತಿ ಸುತ್ತಿ ಸುಳಿ ಏಳೋದನ್ನ ದಡದಲ್ಲೇ ಕೂತು ನೋಡಬಹುದು. ಹೊತ್ತಲ್ಲದ ಹೊತ್ತಲ್ಲಿ ಹೋದ್ರೆ ಸುಮ್ಮನೆ ಹರಿಯೋ ಹೊಳೆ ಅಷ್ಟೇ, ಅದರ ಟೈಮ್‌ಟೇಬಲ್ಲೂ ಸಿಗುತ್ತೆ, ನೋಡ್ಕೊಂಡು ಹೋಗಿ.

ಬೋಡೊದಿಂದ ಕೆಳಗೆ ಎರಡು ದಾರಿ. ಟೈಮ್ ಇಲ್ಲದವರು ರೈಲು ಹತ್ತಿ, ಟ್ರಾಂಡ್‌ಹೈಮ್‌ಗೆ 729 ಕಿಲೋಮೀಟರ್, 1962ರಲ್ಲಿ ಬೋಡೊ ಮುಟ್ಟಿದ ಲೈನು, ಬೋಳು ಬೆಟ್ಟದ ಮೇಲೆ ಆರ್ಕ್‌ಟಿಕ್ ವೃತ್ತ ದಾಟುತ್ತೆ. ಟೈಮ್ ಇರೋರು 17ನೇ ನಂಬರಿನ ಕರಾವಳಿ ರಸ್ತೆ ಹಿಡೀರಿ, ಸ್ಟೈಂಕ್ಯರ್ ತನಕ 600 ಕಿಲೋಮೀಟರ್ ಮೇಲೆ, ಆರು ಫೆರಿ. ಒಂದು ಫೆರಿ ಒಂದು ಗಂಟೆಯದ್ದು, ಆರ್ಕ್‌ಟಿಕ್ ವೃತ್ತವನ್ನ ನೀರ ಮೇಲೇ ದಾಟಿಸುತ್ತೆ. ಇದೇ ಹೆಲ್ಗೆಲಾಂಡ್, ಇಲ್ಲಿಯ ಕರಾವಳಿ ಮೇಲಿನ ಹಾಗಲ್ಲ, ಬೆಟ್ಟದ ಬುಡದಿಂದ ಸಮುದ್ರದೊಳಕ್ಕೆ ಚಪ್ಪಟೆ ನೆಲ ಹರಡಿಕೊಂಡು, ಅದು ಒಡೆದು ಸಾವಿರಾರು ದ್ವೀಪಗಳಾಗಿವೆ. ಅದರಲ್ಲಿ ವೇಗಾ ದ್ವೀಪಸಮೂಹ ಯುನೆಸ್ಕೋ ಪಟ್ಟೀಲಿದೆ, ಅಲ್ಲಿ ಜನ ಕಾಡು ಈಡರ್ ಬಾತುಗಳಿಗೆ ಗೂಡು ಕಟ್ಟಿಕೊಟ್ಟು, ಕಾವಲು ಕಾದು, ಬಾತು ಹೋದ ಮೇಲೆ ಅದರ ತುಪ್ಪುಳ ಎತ್ತಿ ರಜಾಯಿ ಮಾಡ್ತಾ ಬಂದಿದ್ದಾರೆ. ಕೊನೇಲಿ ಟೋರ್ಗ್‌ಹಾಟೆನ್, ನಡುವೆ ಆರಪಾರ ತೂತಿರೋ ಬೆಟ್ಟ, 160 ಮೀಟರ್ ಉದ್ದದ ಆ ತೂತಲ್ಲಿ ನಡ್ಕೊಂಡು ಆಚೆ ಹೋಗಬಹುದು.

ಈ ಪೂರ್ತಿ ದಾರಿಗೆ ಮೂರು ವಾರ ಬೇಕು. ಎರಡೇ ವಾರ ಇದ್ಯಾ, ವಾರಂಗರ್ ಇಟ್ಕೊಂಡು ಹೆಲ್ಗೆಲಾಂಡ್ ಬಿಡಿ, ಅಥವಾ ಟ್ರೊಮ್ಸೊದಿಂದಲೇ ಶುರು ಮಾಡಿ. ಎಲ್ಲವನ್ನೂ ತುರುಕಬೇಡಿ. ಎರಡು ದಿನ ಖಾಲಿ ಬಿಡಲೇಬೇಕು, ಯಾಕಂದ್ರೆ ಶರತ್ಕಾಲದ ಬಿರುಗಾಳಿಗೆ ಫೆರಿ ರದ್ದಾಗುತ್ತೆ, ಸೇತುವೆ ಮುಚ್ಚುತ್ತಾರೆ. ಅಲ್ಲಿಯವರು ನೋಡೋ ಹವಾಮಾನದ ಆಪ್ ಯರ್, ಅದು ಗಾಳಿಯನ್ನ ಸೆಕೆಂಡಿಗೆ ಮೀಟರಲ್ಲಿ ಹೇಳುತ್ತೆ, 3.6ರಿಂದ ಗುಣಿಸಿ, 15 ಅಂದ್ರೆ ಗಂಟೆಗೆ 54 ಕಿಲೋಮೀಟರ್, ಅವತ್ತು ಬೆಟ್ಟ ಬೇಡ. ರಸ್ತೆ ಮುಚ್ಚಿದ್ಯಾ ತಿಳಿಯೋಕೆ 175ಕ್ಕೆ ಫೋನ್.

ಕಾರಿನ ಬಗ್ಗೆ ಕೇಳಿದ್ರು. ಬಲಗಡೆ ಓಡಿಸ್ಬೇಕು, ಹಗಲಲ್ಲೂ ಲೈಟ್ ಆನ್ ಇರಬೇಕು. ನಾರ್ಡ್‌ಲಾಂಡ್, ಟ್ರೊಮ್ಸ್, ಫಿನ್‌ಮಾರ್ಕ್ ಈ ಮೂರು ಉತ್ತರದ ಪ್ರಾಂತ್ಯಗಳಲ್ಲಿ ಮೊಳೆ ಇರೋ ಚಳಿಗಾಲದ ಟೈರಿಗೆ ಅಕ್ಟೋಬರ್ 16ರಿಂದಲೇ ಅನುಮತಿ, ಅಲ್ಲೇ ಗೊತ್ತಾಗುತ್ತೆ ರಸ್ತೆ ಯಾವಾಗ ಗಾಜಾಗುತ್ತೆ ಅಂತ, ಹಿಮದಲ್ಲಿ ಓಡಿಸಿ ಅಭ್ಯಾಸ ಇಲ್ಲದ ನಾವು ಅಷ್ಟರೊಳಗೆ ಕಾರು ವಾಪಸ್ ಕೊಟ್ಟಿರೋದು ಒಳ್ಳೇದು. ಒಂದೂರಲ್ಲಿ ತಗೊಂಡು ಇನ್ನೊಂದೂರಲ್ಲಿ ಬಿಟ್ರೆ ಡ್ರಾಪ್ ಚಾರ್ಜ್ ಸಿಕ್ಕಾಪಟ್ಟೆ, ನನ್ನ ಉಪಾಯದ ದೊಡ್ಡ ಖರ್ಚು ಇದೇ, ಮುಚ್ಚಿಡಲ್ಲ. ಅದಕ್ಕೆ ತುಂಡು ತುಂಡಾಗಿ ಬಾಡಿಗೆ ಹಿಡೀರಿ, ವಾರಂಗರ್ ಸುತ್ತಿ ಕಿರ್ಕೆನೆಸಲ್ಲೇ ವಾಪಸ್ ಕೊಡಿ, ಅಲ್ಲಿಂದ ಹಡಗೋ ಪುಟ್ಟ ವಿಮಾನವೋ ಹಿಡಿದು ಟ್ರೊಮ್ಸೊ, ಅಲ್ಲಿ ಬೇರೆ ಕಾರು.

ಊಟ? ಸಸ್ಯಾಹಾರಿಗಳಿಗೆ ಚಿಕ್ಕ ಊರಲ್ಲಿ ಹೋಟೆಲ್ ನಂಬ್ಕೊಂಡ್ರೆ ಫ್ರೆಂಚ್ ಫ್ರೈಸೇ ಗತಿ. ಅಡುಗೆಮನೆ ಇರೋ ಕ್ಯಾಬಿನ್ ಹಿಡೀರಿ, ಅಕ್ಕಿ ಬೇಳೆ ದೊಡ್ಡ ಊರಲ್ಲಿ ಸಿಗುತ್ತೆ, ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಇಲ್ಲಿಂದ ತಗೊಂಡ್ ಹೋಗಿ. ತುಪ್ಪ, ಹಾಲಿನಪುಡಿ ಮಾತ್ರ ಬೇಡ, ಯುರೋಪಿನ ಹೊರಗಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ಶನಿವಾರಾನೇ ತುಂಬ್ಕೊಳ್ಳಿ. ಮಾಂಸ ತಿನ್ನೋರಿಗೆ ಸೆಪ್ಟೆಂಬರ್ ಅಂದ್ರೆ ಕುರಿಮಾಂಸ ಮತ್ತೆ ಎಲೆಕೋಸು ಬೇಯಿಸಿದ ಫೋರಿಕೋಲ್ ಕಾಲ, ತಿಂಗಳ ಕೊನೇ ಗುರುವಾರ ಅದರ ಹೆಸರಲ್ಲೇ ಒಂದು ದಿನಾಚರಣೆ.

ವೀಸಾಗೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆ ರಜೆಯ ನೂಕುನುಗ್ಗಲಿದೆ, ಸೆಪ್ಟೆಂಬರಿಗೆ ಹೋಗೋರು ಮೇ ಜೂನಲ್ಲೇ ಮುಗಿಸಿ. ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳನ್ನ ಸೇರಿಸೋ ಆಸೆ ಇದ್ರೆ ಎರಡು ಸಲ ಒಳಬರೋ ವೀಸಾ ಕೇಳಿ, ಅದು ನಾರ್ವೆಯದ್ದೇ ಆದ್ರೂ ಶೆಂಗೆನ್, ಅಂದ್ರೆ ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು, ಅದರೊಳಗಿಲ್ಲ. ತಿಮಿಂಗಿಲ ಕೇಳಿದವರಿಗೆ, ಹೆರಿಂಗ್ ಮೀನಿನ ಹಿಂದೆ ಓರ್ಕಾ, ಹಂಪ್‌ಬ್ಯಾಕ್ ಎಲ್ಲ ಶೆರ್ವೊಯ್ ಸುತ್ತಲಿನ ಫ್ಯೋರ್ಡಿಗೆ ಬರೋದು ಅಕ್ಟೋಬರ್ ಕೊನೆಯಿಂದ ಮುಂದಕ್ಕೆ, ಅದು ಬೇರೇನೇ ಟ್ರಿಪ್ಪು, ಇದಕ್ಕೆ ಗಂಟು ಹಾಕ್ಬೇಡಿ.

ಕೊನೇಲಿ ಒಬ್ಬರು ಮೇಡಂ ಕೇಳಿದ್ರು, ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ, ಅವರನ್ನ ಕರ್ಕೊಂಡ್ ಹೋಗಬಹುದಾ ಅಂತ. ಧಾರಾಳವಾಗಿ, ಆದ್ರೆ ಕಾರು ಬೇಡ, ಹಡಗು. 1893ರಲ್ಲಿ ರಿಚರ್ಡ್ ವಿತ್ ಅನ್ನೋ ಕ್ಯಾಪ್ಟನ್ ಅಂಚೆ, ಸರಕು, ಜನ ಸಾಗಿಸೋಕೆ ಶುರು ಮಾಡಿದ ಕರಾವಳಿ ಹಡಗಿನ ದಾರಿ ಇವತ್ತಿಗೂ ಬರ್ಗನ್ ಮತ್ತೆ ಕಿರ್ಕೆನೆಸ್ ಮಧ್ಯೆ ಓಡ್ತಿದೆ, 34 ಬಂದರು, ಈಗ ಎರಡು ಕಂಪನಿಗಳು ಓಡಿಸ್ತವೆ. ಎಲ್ಲರೂ ಬರ್ಗನ್ನಲ್ಲಿ ಹತ್ತುತ್ತಾರೆ, ನೀವು ಕಿರ್ಕೆನೆಸಲ್ಲಿ ಹತ್ತಿ. ಮೇಲೆ ಹೋಗೋವಾಗ ರಾತ್ರಿ ದಾಟೋ ಎಷ್ಟೋ ಜಾಗಗಳನ್ನ ಕೆಳಗೆ ಬರೋವಾಗ ಹಗಲಲ್ಲಿ ದಾಟುತ್ತೆ, ಐದು ರಾತ್ರಿಯಲ್ಲಿ ಬರ್ಗನ್. ಕ್ಯಾಬಿನ್ ತಗೋವಾಗ ಹಡಗಿನ ಮಧ್ಯಭಾಗದ್ದು, ಕೆಳಗಿನ ಡೆಕ್ಕಿಂದು ಕೇಳಿ, ಕುಲುಕಾಟ ಅಲ್ಲಿ ಕಮ್ಮಿ, ಬ್ಯಾರೆಂಟ್ಸ್ ಸಮುದ್ರಕ್ಕೆ ತೆರೆದಿರೋ ಮೊದಲ ರಾತ್ರಿ ಮತ್ತೆ ಲೊಫೊಟೆನ್ ಬಿಟ್ಟ ಮೇಲಿನ ವೆಸ್ಟ್‌ಫ್ಯೋರ್ಡ್ ಎರಡು ಕಡೆ ಜೋರಾಗಿರುತ್ತೆ. ರಾತ್ರಿ ಆಕಾಶದಲ್ಲಿ ಬೆಳಕು ಬಂದ್ರೆ ಹಡಗಲ್ಲಿ ಅನೌನ್ಸ್ ಮಾಡ್ತಾರೆ, ಹಾಸಿಗೆ ಪಕ್ಕದಲ್ಲೇ ಜಾಕೆಟ್ ಇಟ್ಕೊಂಡು ಮಲಗೋಕೆ ಹೇಳಿ. ಪೂರ್ತಿ ಪ್ಯಾಕೇಜ್ ದುಬಾರಿ ಅನ್ಸಿದ್ರೆ ಊಟ ಸೇರದ, ಎರಡು ಬಂದರಿನ ಮಧ್ಯದ ಟಿಕೆಟ್ಟೂ ಕೊಡ್ತಾರೆ, ಕಿರ್ಕೆನೆಸಿಂದ ಟ್ರೊಮ್ಸೊ ತನಕ ಹಾಗೆ ಬಂದು ನೋಡಿ, ಅವರಿಗೆ ಒಗ್ಗಿದ್ರೆ ಮುಂದಕ್ಕೆ, ಇಲ್ಲಾ ಅಂದ್ರೆ ಅಲ್ಲಿಂದ ಓಸ್ಲೋಗೆ ವಿಮಾನ ಇದ್ದೇ ಇದೆ.